ಹಬ್ಬದ ಗುಳಿಗೆ

ಪುಣೆಯ ಕೋಥರೂಡದ ಆ ಹೌಸಿಂಗ್ ಸೊಸೈಟಿಯಲ್ಲಿ ತ್ರಿವೇಣಿಯ ಹೋಳಿಗೆಗೆ ಹೆಸರಿತ್ತು. ಹೋಳಿಗೆಯ ಹಿಂದೆ ಒಂದು ಗುಳಿಗೆಯೂ ಇದೆಯೆಂದು ತಿಂದವರಿಗೆ ಗೊತ್ತಿರಲಿಲ್ಲ. ಭಾದ್ರಪದದಲ್ಲಿ ಗೌರಿ ಮನೆಗೆ ಬರುವ ಮುಂಚೆ ಅತ್ತೆ ಕಾಶವ್ವ ಕೆಳಗಿನ ಔಷಧಿ ಅಂಗಡಿಯಿಂದ ಮುಟ್ಟು ಮುಂದೂಡುವ ಗುಳಿಗೆ ತರಿಸುತ್ತಿದ್ದಳು. ಗದಗಿನಿಂದ ಬಂದು ಇಲ್ಲಿ ಅರಿವೆ ಅಂಗಡಿ ಇಟ್ಟ ಮನೆತನ. ಮಡಿಯನ್ನು ಮಾತ್ರ ಊರಲ್ಲಿ ಬಿಟ್ಟುಬಂದಿರಲಿಲ್ಲ. ಗೌರಿಗೆ ನುಂಗು, ಸತ್ಯನಾರಾಯಣನಿಗೆ ನುಂಗು, ಮೈದುನನ ಮದುವೆಗೆ ನುಂಗು. ಸೊಸೆಯ ಮೈ ಯಾರಪ್ಪನ ಸೊತ್ತು ಎಂದು ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ.

೨೦೦೧ರ ಬೇಸಿಗೆಯಲ್ಲಿ ಅವಳ ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಕ್ಯಾನ್ಸರ್. ಆಪರೇಷನ್ ಆದಮೇಲೆ ಡಾಕ್ಟರ್ ಮಧುಕರ ಅವರು ಗಂಡಹೆಂಡತಿಯನ್ನು ಕೂರಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇವಳ ಗಡ್ಡೆಯ ಜೀವಕೋಶಗಳಲ್ಲಿ ಹೆಣ್ಣಿನ ಹಾರ್ಮೋನು ಬಂದು ಕೂರುವ ಜಾಗಗಳಿವೆ, ಅವಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಹಾರ್ಮೋನು ಕೂತಿತೆಂದರೆ ಗಡ್ಡೆಗೆ ಬೆಳೆಯಲು ಅಪ್ಪಣೆ ಸಿಕ್ಕ ಹಾಗೆ. ಈಗ ಕೊಡುವ ಔಷಧಿ, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದಂತೆ, ಆ ಜಾಗ ಹಿಡಿದಿಡುತ್ತದೆ. ಐದು ವರ್ಷ ತಪ್ಪಿಸಬಾರದು, ಬೇರೆ ಯಾವ ಹಾರ್ಮೋನು ಗುಳಿಗೆಯನ್ನೂ ತೆಗೆದುಕೊಳ್ಳಬಾರದು.

ಹಬ್ಬಕ್ಕೆಂದು ನುಂಗಿದ್ದರಿಂದಲೇ ಇದು ಬಂತೇ ಎಂದು ಅವಳು ಕೇಳಿದಳು. ಹಾಗೆ ಹೇಳಲಾಗದು, ಇನ್ನು ಮುಂದೆ ಮಾತ್ರ ಖಂಡಿತ ಬೇಡ ಎಂದರು. ಗಂಡ ಶಿವರಾಜ ಪಕ್ಕದಲ್ಲೇ ಕೂತು ತಲೆಯಾಡಿಸಿದ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಮುಟ್ಟು ಮುಂದೂಡುವ ಗುಳಿಗೆ ತಂದವನೂ ಅದೇ ಶಿವರಾಜ. ಔಷಧಿಯಿಂದ ಅವಳ ಮುಟ್ಟು ಹಿಂದುಮುಂದಾಗಿತ್ತು, ಕಾಶವ್ವನಿಗೆ ಅದೇ ದಿಗಿಲು.

"ಮೂರ್ನಾಕ ದಿನದ ಮಾತು. ಅವ್ವನ ಮನಸ್ಸು ಯಾಕ ನೋಯಿಸ್ತಿ?" ಎಂದ.

"ಡಾಕ್ಟರು ಹೇಳೂಮುಂದ ಕಿವಿ ಎಲ್ಲಿಟ್ಟಿದ್ರಿ?" ಎಂದಳು.

ಅವನು ಗುಳಿಗೆಯನ್ನು ಮೇಜಿನ ಮೇಲಿಟ್ಟು ಅಂಗಡಿಗೆ ನಡೆದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದೆ ಕೊಯ್ದ ಗಾಯವನ್ನು ಕಣ್ಣಾರೆ ಕಂಡವನು ಇವನು. ಗುಳಿಗೆಯನ್ನು ಕಸದ ಡಬ್ಬಿಗೆ ಎಸೆದಳು. ಮೇಜು ಖಾಲಿ ಕಂಡ ತಾಯಿಮಗ ಅವಳು ನುಂಗಿದಳೆಂದೇ ತಿಳಿದರು.

ಗೌರಿ ಬಂದ ಮರುದಿನ, ಅವಳ ಊಟದ ದಿನ, ಬೆಳಿಗ್ಗೆಯೇ ಮುಟ್ಟಾಯಿತು. ತ್ರಿವೇಣಿ ಯಾರಿಗೂ ಹೇಳದೆ ತಲೆಗೆ ನೀರು ಹಾಕಿಕೊಂಡು ಒಲೆ ಹಚ್ಚಿದಳು. ನೈವೇದ್ಯವಾಯಿತು, ಊಟಕ್ಕೆ ಬಂದ ಬೀಗರೆಲ್ಲ ಎಲೆಯ ಮುಂದೆ ಕೂತು ಉಣ್ಣತೊಡಗಿದರು.

"ಗುಳಿಗಿ ತಗೊಂಡಿ, ಚಲೋ ಆತು ನೋಡು," ಎಂದಳು ಕಾಶವ್ವ ಮೆಲ್ಲಗೆ.

"ತಗೊಂಡಿಲ್ರಿ ಅತ್ತಿ," ಎಲ್ಲರಿಗೂ ಕೇಳುವಂತೆ ತ್ರಿವೇಣಿ ಹೇಳಿದಳು. "ಮುಂಜಾನೆನ ಮುಟ್ಟಾಗೇನಿ. ಅಡಗಿ ಎಲ್ಲಾ ನಾನ ಮಾಡೀನಿ."

ಶಿವರಾಜನ ಕೈ ಎಲೆಯಲ್ಲೇ ನಿಂತಿತು.

"ದೇವರಿಗೆ ಮೈಲಿಗಿ ಮಾಡಿದ್ಯಲ್ಲ," ಎಂದಳು ಕಾಶವ್ವ.

"ನಾ ಸತ್ರ ಮನಿಗೆಲ್ಲಾ ಸೂತಕ ಬರ್ತದ್ರಿ. ಆಗ ಗೌರಿನ್ನ ಒಳಗ ಕರಕೊಳ್ಳಾಕೂ ಬರೂದಿಲ್ಲ," ಎಂದು ತ್ರಿವೇಣಿ ಗಂಡನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದಳು.