ಲಿಂಗರಾಜಪುರದಲ್ಲಿ ಕರೆಂಟ್ ಹೋದಾಗ

ಇಂಟರ್ನೆಟ್ ಜಾಹೀರಾತು ಇನ್ನೂ ಹೊಸ ಕಸುಬಾಗಿದ್ದ ಕಾಲ. ಇಂದಿರಾನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಪುಟ್ಟ ಆಫೀಸಿತ್ತು. ಅಂಗಡಿಗಳ ಜಾಹೀರಾತನ್ನು ದೊಡ್ಡದೊಂದು ಹುಡುಕಾಟದ ಕಂಪನಿಯ ಮೂಲಕ ನೆಟ್ಟಿನಲ್ಲಿ ಹಾಕಿಸುವುದು ನಮ್ಮ ಕೆಲಸ. ಯಾರಾದರೂ ‘ಶೇರ್ವಾನಿ’ ಎಂದು ಹುಡುಕಿದರೆ ಪಕ್ಕದಲ್ಲಿ ಅಂಗಡಿಯ ಜಾಹೀರಾತು ಕಾಣುತ್ತಿತ್ತು. ಅದನ್ನು ಒತ್ತಿದರೆ ಮಾತ್ರ ಅಂಗಡಿಯವರು ಹಣ ತೆರಬೇಕು.

ಶಿವಾಜಿನಗರದಲ್ಲಿ ಮದುವೆ ಬಟ್ಟೆ ಮಾರುವ ಸಾಹೇಬರೊಬ್ಬರು ನನ್ನ ಮಾತು ನಂಬಿ ಇದಕ್ಕೆ ಕೈಹಾಕಿದ್ದರು. ಒಂದು ದಿನ ಖುದ್ದು ಬಂದು ಎದುರಿಗೆ ಕೂತರು.

“ಅಂಗ್ಡಿ ಬಾಗ್ಲು ತೆಗೆದು ಚಾ ಕುಡಿಯೋಷ್ಟ್ರಲ್ಲಿ ಆವತ್ತು ಜಾಹೀರಾತಿಗಿಟ್ಟ ದುಡ್ಡೆಲ್ಲ ಖಲಾಸ್ ಮೇಡಂ. ಒತ್ತೋರು ಅಷ್ಟು ಜನ ಇದ್ರೆ ಒಬ್ರಾದ್ರೂ ಫೋನ್ ಮಾಡ್ಬೇಕಲ್ವಾ?”

ಹೆಚ್ಚು ಕ್ಲಿಕ್ಕುಗಳು ಬರುತ್ತಿದ್ದ ಇಂಟರ್ನೆಟ್ ವಿಳಾಸವನ್ನು ತಡೆದು ನೋಡಿದೆ. ಸ್ವಲ್ಪ ಹೊತ್ತಿನಲ್ಲೇ ಬೇರೊಂದು ವಿಳಾಸದಿಂದ ಅದೇ ನೂಕುನುಗ್ಗಲು. ಊರಿನ ಬೇರೆಬೇರೆ ಕಡೆಯ ಜನ ಸುಮ್ಮನೆ ನೋಡಿಹೋಗುತ್ತಿದ್ದಾರೆ ಎಂದು ನನ್ನ ಸಹೋದ್ಯೋಗಿ ವಾದಿಸಿದ.

ಮರುದಿನ ಪರದೆಯ ಮೇಲೆ ಕ್ಲಿಕ್ಕುಗಳು ಸಾಲುಸಾಲಾಗಿ ಇಳಿಯುವುದನ್ನು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ನಿಂತವು. ಅಷ್ಟರಲ್ಲಿ ಲಿಂಗರಾಜಪುರದ ನಮ್ಮ ಮನೆಯಿಂದ ಅಮ್ಮ ಫೋನ್ ಮಾಡಿದರು.

“ಕರೆಂಟ್ ಹೋಯ್ತು ಕಣೇ. ಗ್ರೈಂಡರಲ್ಲಿ ಹಿಟ್ಟು ಅರ್ಧಕ್ಕೇ ನಿಂತೋಗಿದೆ.”

ಕ್ಲಿಕ್ಕುಗಳು ನಿಂತದ್ದೂ ಆಗಲೇ ಎಂದು ಹೊಳೆಯಿತು. ಕರೆಂಟ್ ಬಂದ ತಕ್ಷಣ ಮತ್ತೆ ಫೋನ್ ಮಾಡು ಎಂದೆ. ಹಿಟ್ಟಿನ ಮೇಲೆ ನನಗೆ ಇಷ್ಟು ಕಾಳಜಿ ಯಾವಾಗ ಬಂತೋ ಎಂದು ಅಮ್ಮನಿಗೆ ಆಶ್ಚರ್ಯ. ಊಟದ ಹೊತ್ತಿಗೆ ಅವರ ಫೋನ್ ಬಂತು. ಪರದೆಯ ಮೇಲೆ ಸಾಲುಗಳೂ ಸುರಿಯತೊಡಗಿದವು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒತ್ತುವವರೆಲ್ಲ ನಮ್ಮ ಏರಿಯಾದಲ್ಲೇ ಇದ್ದರು!

ಸಹೋದ್ಯೋಗಿ ಕಾಕತಾಳೀಯ ಎಂದ. ಆದರೂ ಇಬ್ಬರೂ ಕೂತು, ಜಾಹೀರಾತಿನಿಂದ ಬರುವ ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಣ್ಣ ಗುರುತು ಉಳಿಯುವ ಹಾಗೆ ಮಾಡಿದೆವು. ನೆಟ್ಟಿಗೆ ಹೊಸದಾಗಿ ಸೇರಿದಾಗಲೆಲ್ಲ ಇಂಟರ್ನೆಟ್ ವಿಳಾಸ ಬದಲಾದರೂ ಆ ಗುರುತು ಹಾಗೇ ಇರುತ್ತದೆ. ನೂರಾರು ಜನರಂತೆ ಕಂಡದ್ದು ಬೆರಳೆಣಿಕೆಯ ಕಂಪ್ಯೂಟರುಗಳು. ಅವನೇ ಮೇಜು ಗುದ್ದಿ ನಕ್ಕ.

ಶನಿವಾರ ಮನೆಯ ಸುತ್ತಲಿನ ಬ್ರೌಸಿಂಗ್ ಸೆಂಟರುಗಳನ್ನು ಒಂದೊಂದಾಗಿ ಹೊಕ್ಕೆ. ಚರ್ಚಿನ ಹಿಂದಿನ ಗಲ್ಲಿಯದರಲ್ಲಿ ಕಾಲಿಟ್ಟೊಡನೆ ಒಂದು ಪರದೆಯ ಮೇಲೆ ಸಾಹೇಬರ ಅಂಗಡಿಯ ಕೆಂಪು ಶೇರ್ವಾನಿ ಕಣ್ಣಿಗೆ ಬಿತ್ತು. ಮುಂದೆ ಕೂತ ಯುವತಿ ಒತ್ತುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಮಾತಿಗೆಳೆದೆ. ಅದು ಒತ್ತಿದಷ್ಟೂ ದುಡ್ಡು ಸಿಗುವ ಕಂಪ್ಯೂಟರ್ ಕೆಲಸವಂತೆ. ಕೆಲಸ ಕೊಟ್ಟವನದು ಒಂದು ಹುಡುಕಾಟದ ಸೈಟು. ಹುಡುಕಾಟದ ದೊಡ್ಡ ಕಂಪನಿ ಕೊಡುವ ಜಾಹೀರಾತುಗಳನ್ನು ಅದರಲ್ಲಿ ತೋರಿಸಿ, ಪ್ರತಿ ಕ್ಲಿಕ್ಕಿಗೂ ಅವನು ಪಾಲು ಪಡೆಯುತ್ತಿದ್ದಾನೆಂದು ನನಗೆ ಅರ್ಥವಾಯಿತು. ಅಂಗಡಿಯವರಿಗೆ ಆಗುತ್ತಿದ್ದ ನಷ್ಟವನ್ನು ವಿವರಿಸಿದೆ. ಅವಳ ಕೈ ಮೌಸ್ ಬಿಟ್ಟಿತು.

“ಜಾಹೀರಾತು ನೋಡಿದ್ರೆ ಅಂಗ್ಡಿಯವ್ರಿಗೆ ಒಳ್ಳೇದು ಅಂದಿದ್ರು ಅಕ್ಕಾ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸೈಟಿನ ಹೆಸರು ಅವಳೇ ಹೇಳಿದಳು. ಸೋಮವಾರ ನಮಗೆ ಗೊತ್ತಾದದ್ದನ್ನೆಲ್ಲ ಹುಡುಕಾಟದ ಕಂಪನಿಗೆ ಬರೆದೆವು. ಅವರು ಆ ಸೈಟನ್ನು ಕೈಬಿಟ್ಟರು, ಸಾಹೇಬರ ಹಣ ವಾಪಸಾಯಿತು. ಅಂದಿನಿಂದ ನಮ್ಮ ಎಲ್ಲ ಅಂಗಡಿಗಳ ಜಾಹೀರಾತಿಗೂ ಆ ಗುರುತಿನ ಕಾವಲು ಹಾಕಿದೆವು.

ಕೆಲವು ದಿನಗಳ ಮೇಲೆ ಸಾಹೇಬರ ಫೋನ್ ಬಂತು. ಬೆನ್ಸನ್ ಟೌನಿನಿಂದ ಮದುಮಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದಾನಂತೆ. ಪಿಸುದನಿಯಲ್ಲಿ ಹೇಳಿದರು:

“ನೆಟ್ಟಲ್ಲಿ ನೋಡ್ಕೊಂಡೇ ಬಂದ್ರಂತೆ ಮೇಡಂ. ಇವ್ರು ಅಸ್ಲಿ ಗಿರಾಕಿ.”