ಹನ್ನೊಂದು ಮೊಳೆ
ಕಡಲಾಚೆಯ ಡ್ಯಾಂಡಿನಾಂಗ್ ಎಂಬ ಊರಿನಲ್ಲಿ ಗೌರಕ್ಕ ಬಾಡಿಗೆಗಿರುವ ಮನೆಯ ಮಾಲೀಕ ಬೊಗ್ದಾನ್ ಪೋಲೆಂಡಿನ ಮುದುಕ. ನಲ್ಲಿ ಸೋರುತ್ತಿದೆ ಎಂದರೂ ಸರೋವರದ ದಂಡೆಯ ತನ್ನೂರಿನ ಪುರಾಣ ಬಿಚ್ಚುತ್ತಾನೆ. ಅಲ್ಲಿಯ ಕೋಟೆಗೆ ಏಳುನೂರು ವರ್ಷವಂತೆ, ಮೀನಿಗೆ ಮುಳ್ಳೇ ಇಲ್ಲವಂತೆ, ಈಗ ಬಸ್ಸುಗಟ್ಟಲೆ ಜರ್ಮನ್ ಮುದುಕರು ಬಂದು ಮನೆಗಳ ಫೋಟೊ ಹೊಡೆದುಕೊಳ್ಳುತ್ತಾರಂತೆ. ಪುರಾಣ ಮುಗಿದರೂ ನಲ್ಲಿ ಸೋರುತ್ತಲೇ ಇರುತ್ತದೆ. ಗೋಡೆಗೆ ಮೊಳೆ ಹೊಡೆಯುತ್ತೇನೆ ಎಂದರಂತೂ ಕೆಂಡವಾಗುತ್ತಾನೆ. "ಎಲ್ಲಮ್ಮನ ಫೋಟೊ ನಿನ್ನ ತಲಿ ಮ್ಯಾಲ ಹಾಕ್ಲೇನ?" ಎಂದು ಗೌರಕ್ಕ ಕನ್ನಡದಲ್ಲೇ ಬೈಯುತ್ತಾಳೆ. ಮೊನ್ನೆ ಮಾತ್ರ, ಮೊಳೆಯೆಂದರೆ ಯಾಕಿಷ್ಟು ಸಿಟ್ಟು ಎಂದು ಕೇಳಿಯೇ ಬಿಟ್ಟಳು. "ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಆ ಊರು ಪೋಲೆಂಡಿಗೆ ಸೇರಿತು; ಅಲ್ಲಿದ್ದ ಜರ್ಮನ್ನರನ್ನು ಹೊರಹಾಕಿ ಅವರದೊಂದು ಮನೆ ನಮಗೆ ಕೊಟ್ಟರು. ಗೋಡೆಯಲ್ಲಿ ಅವರ ಹನ್ನೊಂದು ಮೊಳೆ ಇದ್ದವು," ಎಂದ ಬೊಗ್ದಾನ್. "ಅವರು ವಾಪಸ್ ಬಂದು ಮನೆ ಕೇಳಿದರೆ ಅಂತ ಅಮ್ಮ ಸಾಯೋವರೆಗೂ ಒಂದಕ್ಕೂ ಏನೂ ತೂಗುಹಾಕಲಿಲ್ಲ."