ಗೇರ್ ಬೀಳದ ಶನಿವಾರ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಏಳನೆಯ ತರಗತಿಯಲ್ಲಿದ್ದ ವರ್ಷ, ಡಿಸೆಂಬರಿನ ಒಂದು ಶನಿವಾರ. ಬೆಳಗಿನ ಏಳು ಗಂಟೆ. ದಾಂಡೇಲಿಯ ನಮ್ಮ ಮನೆ ಮುಂದೆ ಹಾಜರಿದ್ದವರು ಅಪ್ಪ, ಅಕ್ಕ, ನಾನು ಮತ್ತು ನಮ್ಮ ಶಾಲೆಯ ಖೋ ಖೋ ತಂಡದ ಇನ್ನೆಂಟು ಹುಡುಗಿಯರು. ಹತ್ತು ಗಂಟೆಗೆ ಹಳಿಯಾಳದ ಮೈದಾನದಲ್ಲಿ ನಮ್ಮ ಹೆಸರು ಕೂಗುವವರಿದ್ದರು. ಆಗ ಒಂಬತ್ತು ಜನ ನಿಂತಿರದಿದ್ದರೆ ಆಡದೆಯೇ ಸೋತಂತೆ. ಬಸ್ಸು ಆಗಲೇ ಹೋಗಿತ್ತು. ಉಳಿದದ್ದು ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಜೀಪು.

ಅಪ್ಪ ನೀರು, ಎಣ್ಣೆ, ಗಾಲಿ ನೋಡಿದರು. ದಿನವೂ ಅದೇ ಕ್ರಮ. ಎಂಜಿನ್ ಚಾಲೂ ಮಾಡಿ, ಕ್ಲಚ್ ತುಳಿದು, ಮೊದಲನೇ ಗೇರ್ ಹಾಕಲು ಹೋದರು. ಹಲ್ಲು ಕಡಿದಂಥ ಸದ್ದು ಬಂತೇ ಹೊರತು ಗೇರ್ ಬೀಳಲಿಲ್ಲ. ರಿವರ್ಸ್ ಕೂಡ ಬೀಳಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಚಳಿಯಲ್ಲಿ ಹಾಗೇ ನಿಂತುಬಿಟ್ಟಿತು.

ಎದುರು ಮನೆಯ, ಗ್ಯಾರೇಜಿನ ಮೇಸ್ತ್ರಿ ಕಾಕಾ ಹಲ್ಲುಜ್ಜುತ್ತಲೇ ಬಂದು ಕಿವಿಗೊಟ್ಟರು. ಗೇರ್‌ಬಾಕ್ಸ್ ಹೋಗಿದೆ, ಇಳಿಸಿ ಬಿಚ್ಚಬೇಕು, ಮೂರು ದಿನದ ಕೆಲಸ ಎಂದರು. ಒಬ್ಬ ಹುಡುಗಿ ಅಳತೊಡಗಿದಳು. ಅಕ್ಕ ಅವಳ ಜಡೆ ಬಿಚ್ಚಿ, ಬಿಗಿಯಾಗಿ ಮತ್ತೆ ಹೆಣೆಯಲು ಕೂತಳು.

ಅಪ್ಪ ಎಂಜಿನ್ ಆರಿಸಿದರು. "ಬಿಚ್ಚೂದು ಕಡೀಕ. ಮೊದ್ಲ ನೋಡೂಣು."

"ನಾಡಿ ಹಿಡಿದು ನೋಡ್ತೀರೇನ್ರಿ, ಡಾಕ್ಟರ ಸಾಹೇಬ್ರ?" ಎಂದರು ಕಾಕಾ.

ಅಪ್ಪ ಮತ್ತೆ ಗೇರಿನ ಹಿಡಿಗೆ ಕೈ ಹಾಕಿದರು. ಎಂಜಿನ್ ಆರಿದ್ದಾಗ ಒಂದು, ಎರಡು, ಮೂರು, ರಿವರ್ಸ್, ಎಲ್ಲವೂ ಬೆಣ್ಣೆಯಂತೆ ಬಿದ್ದವು. ಮತ್ತೆ ಚಾಲೂ ಮಾಡಿದರೆ ಅದೇ ಸದ್ದು. "ಗೇರ್‌ಬಾಕ್ಸ್ ಗಟ್ಟಿ ಐತಿ. ಕ್ಲಚ್ ಬಿಡವಲ್ದು," ಎಂದರು. ತಿರುಗುವ ಎಂಜಿನ್ನಿನ ಹಿಡಿತದಿಂದ ಗೇರುಗಳನ್ನು ಒಂದು ಗಳಿಗೆ ಬಿಡಿಸುವುದೇ ಕ್ಲಚ್ಚಿನ ಕೆಲಸ.

ಎಂಜಿನ್ ಆರಿಸಿ, ಅಪ್ಪ ಜೀಪಿನ ಕೆಳಗೆ ಮಲಗಿದರು. ಸರಳು, ಪಿನ್ನು, ಸ್ಪ್ರಿಂಗು ಒಂದೊಂದನ್ನೇ ಮುಟ್ಟಿ ನೋಡಿದರು. ಯಾವುದೂ ಸಡಿಲವಾಗಿರಲಿಲ್ಲ. ನನ್ನನ್ನು ಕರೆದು ಪೆಡಲ್ ತುಳಿಯಲು ಹೇಳಿದರು. ಎರಡೂ ಕಾಲಿಟ್ಟು ತುಳಿದೆ. ಸರಳು ಪೂರ್ತಿ ಸರಿಯುತ್ತಿಲ್ಲ, ಇನ್ನೂ ತುಳಿ ಎಂದರು. ಪೆಡಲ್ ಏನೋ ಮೆತ್ತಗಿನದಕ್ಕೆ ತಾಗಿ ನಿಂತಿತ್ತು.

ಆಗ ನನಗೆ ಗೊತ್ತಾಯಿತು. ಊರಿನ ಕಾಗದ ಕಾರ್ಖಾನೆಯ ಯಂತ್ರದಲ್ಲಿ ಸವೆದು ಹೊರಬೀಳುತ್ತಿದ್ದ ದಪ್ಪ ಉಣ್ಣೆ ಬಟ್ಟೆಗೆ ನಮ್ಮೂರಲ್ಲಿ ಫೆಲ್ಟ್ ಎನ್ನುತ್ತಿದ್ದರು. ಹೊದೆಯಲು, ಹಾಸಲು, ಬಾಗಿಲ ಸಂದಿಗೆ ತುರುಕಲು ಎಲ್ಲರ ಮನೆಯಲ್ಲೂ ಅದೇ. ಜೀಪಿನ ತಳದ ತೂತಿನಿಂದ ಅಪ್ಪನ ಕಾಲಿಗೆ ಚಳಿ ಹೊಡೆಯುತ್ತದೆಂದು, ಹಿಂದಿನ ಸಂಜೆ ರಬ್ಬರ್ ಚಾಪೆಯ ಕೆಳಗೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೆ. ಆ ಹಳೆಯ ಕ್ಲಚ್ಚೋ, ಪೆಡಲ್ ತಳ ಮುಟ್ಟಿದ ಮೇಲೆಯೇ ಬಿಡುತ್ತಿತ್ತು.

ಎಂಟು ಜನ ನನ್ನನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಹತ್ತು ಗಂಟೆ ನಮಗಾಗಿ ಕಾಯುತ್ತಿರಲಿಲ್ಲ.

"ಅಪ್ಪಾ, ಕೆಳಗ ಫೆಲ್ಟ್ ಐತಿ. ನಾನ ಹಾಸೇನಿ."

ಅಪ್ಪ ಎದ್ದು ಬಂದು ಅದನ್ನು ಎಳೆದು ತೆಗೆದರು. ಎಂಜಿನ್ ಚಾಲೂ ಮಾಡಿ ತುಳಿದಾಗ ಪೆಡಲ್ ತಳ ಮುಟ್ಟಿತು, ಗೇರ್ ಬಿತ್ತು. "ಮಗಳು ಗಾಡಿಗೆ ಹಾಸಿಗಿ ಹಾಸ್ಯಾಳ, ಅದು ಮಲ್ಕೊಂಡೈತಿ," ಎಂದು ಕಾಕಾ ನಕ್ಕರು. ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಗಾಡಿ ಹತ್ತು ಲಗೂನ, ಹೊತ್ತಾತು."

ಹೆಸರು ಕೂಗಿದಾಗ ನಾವು ಒಂಬತ್ತೂ ಜನ ಗೆರೆಯ ಮೇಲಿದ್ದೆವು. ಮೊದಲ ಆಟ ಗೆದ್ದೆವು, ಎರಡನೆಯದು ಸೋತೆವು. ಸಂಜೆ ಮರಳಿದ ಮೇಲೆ ಅಪ್ಪ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಎಂಜಿನ್ ಆರಿಸಿಯೇ ಎಲ್ಲ ಗೇರುಗಳನ್ನೂ ನನ್ನ ಕೈಯಿಂದಲೇ ಹಾಕಿಸಿದರು. ಅದು ಆ ದಿನದ ಕೊನೆಯ ಕೆಲಸ.

ಮಕ್ಕಳೇ, ನಿಮ್ಮ ಕಾರಿಗೆ ಕ್ಲಚ್ ಪೆಡಲ್ಲೇ ಇಲ್ಲ. ಗೇರ್ ತಾನೇ ಬೀಳುತ್ತದೆ, ಏನಾದರೂ ಕೆಟ್ಟರೆ ಪುಟ್ಟ ದೀಪ ಹತ್ತಿ ಹೇಳುತ್ತದೆ. ನಮ್ಮ ಜೀಪಿನಲ್ಲಿ ಅಂಥ ದೀಪವಿರಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು.